ಮಿಡಿ ಕೊಯ್ಯುವ ಮೊದಲೇ ದುಡ್ಡು ಬರಬೇಕು

ನಮ್ಮದು ಶಿರಸಿ ಹತ್ತಿರದ ಹಳ್ಳಿ. ಅಪ್ಪೆಮಿಡಿ (ಪರಿಮಳದ ಎಳೆ ಮಾವಿನಕಾಯಿ) ಉಪ್ಪಿನಕಾಯಿ, ಹಲಸಿನ ಹಪ್ಪಳ, ಇಷ್ಟೇ ನಮ್ಮ ವ್ಯಾಪಾರ. ಮೊದಲು ಬೆಂಗಳೂರಿನ ಅಂಗಡಿಗಳಿಗೆ ಕೊಡುತ್ತಿದ್ದೆವು. ಬಸ್ಸಿಗೆ ಹಾಕಿ ಕಳಿಸಿದ ಮೂರು ತಿಂಗಳಿಗೆ ದುಡ್ಡು. ಅದರಲ್ಲೂ ‘ಹತ್ತು ಬಾಟಲಿ ವಾಪಸ್’ ಅಂತ ಮುರಿದುಕೊಳ್ಳುವುದು. ತಿಂದವರು ಯಾರು ಅಂತಲೇ ನಮಗೆ ಗೊತ್ತಿರಲಿಲ್ಲ.

‘ಆನ್‌ಲೈನ್ ಮಾಡಿ’ ಅಂದರು ಎಲ್ಲರೂ. ವೆಬ್‌ಸೈಟ್ ಮಾಡಿಸಿದೆವು. ವರ್ಷಕ್ಕೆ ಬಂದದ್ದು ಹನ್ನೊಂದು ಆರ್ಡರ್, ನಾಲ್ಕು ನೆಂಟರದ್ದೇ! ಆಮೇಲೆ ಅರ್ಥವಾಯಿತು: ದುಡ್ಡು ಯಾವಾಗ ಬರುತ್ತದೆ, ಗಿರಾಕಿಯ ಹೆಸರು ಯಾರ ಹತ್ತಿರ ಇರುತ್ತದೆ, ಇವೆರಡು ಬದಲಾಗದೆ ವ್ಯಾಪಾರ ಬೆಳೆಯುವುದಿಲ್ಲ.

ಹೆಸರಿನಿಂದ ಶುರು ಮಾಡಿ. ಅಂಗಡಿಗೆ ಹೋಗುವ ಪ್ರತಿ ಬಾಟಲಿಗೂ ಒಂದು ಚೀಟಿ ಕಟ್ಟಿದೆ: ‘ಇದು ಯಾವ ಮರದ ಮಿಡಿ? ಈ ನಂಬರಿಗೆ ವಾಟ್ಸಾಪ್ ಮಾಡಿ, ಹೇಳುತ್ತೇವೆ.’ ಅಪ್ಪೆಮಿಡಿಯಲ್ಲಿ ಮರಕ್ಕೊಂದು ಪರಿಮಳ ಅಲ್ವಾ, ಜನ ಕೇಳಿಯೇ ಕೇಳುತ್ತಾರೆ. ವಾಟ್ಸಾಪ್ ಬಿಸಿನೆಸ್‌ನಲ್ಲಿ ಒಬ್ಬೊಬ್ಬರಿಗೂ ಲೇಬಲ್ ಹಾಕಿ. ‘ಕಮ್ಮಿ ಖಾರ’, ‘ಜೀರಿಗೆ ಮಿಡಿ ಮಾತ್ರ’, ಹೀಗೆ. ನಿಮ್ಮ ನಂಬರ್ ಸೇವ್ ಮಾಡಿಕೊಳ್ಳಲು ಹೇಳಲೇಬೇಕು, ಇಲ್ಲದಿದ್ದರೆ ಎಲ್ಲರಿಗೂ ಒಟ್ಟಿಗೆ ಕಳಿಸುವ ಬ್ರಾಡ್‌ಕಾಸ್ಟ್ ಮೆಸೇಜು ಅವರಿಗೆ ಹೋಗುವುದಿಲ್ಲ.

ಆಮೇಲೆ ಮುಂಗಡ ಬುಕಿಂಗ್. ನಮಗೆ ತಿರುವು ಸಿಕ್ಕಿದ್ದು ಇಲ್ಲೇ. ಮಿಡಿ ನೆಲಕ್ಕೆ ಬಿದ್ದು ಪೆಟ್ಟಾದರೆ ಭರಣಿಯಲ್ಲಿ ಕೊಳೆಯುತ್ತದೆ. ಮರ ಹತ್ತಿ, ತೊಟ್ಟು ಸಮೇತ ಕೊಯ್ದು, ಬುಟ್ಟಿಯಲ್ಲಿ ಇಳಿಸಬೇಕು. ಹತ್ತುವವರಿಗೆ ಅವತ್ತೇ ಕೂಲಿ, ಮರದವರಿಗೆ ಅವತ್ತೇ ಹಣ. ಮೊದಲು ಅದಕ್ಕೆ ಬಡ್ಡಿಗೆ ತರುತ್ತಿದ್ದೆವು. ಈಗ ಜನವರಿಯಲ್ಲೇ ಮೆಸೇಜು ಕಳಿಸುತ್ತೇನೆ, ಅರ್ಧ ದುಡ್ಡು ಯುಪಿಐನಲ್ಲಿ ಬರುತ್ತದೆ. ಎಷ್ಟು ಬಾಟಲಿ ಬುಕ್ ಆಯಿತೋ ಅದಕ್ಕಿಂತ ಸ್ವಲ್ಪ ಜಾಸ್ತಿ ಮಿಡಿ ಹಾಕುತ್ತೇವೆ. ‘ಮಿಡಿ ಸಿಗದಿದ್ದರೆ ದುಡ್ಡು ವಾಪಸ್’ ಅಂತ ಮೊದಲೇ ಬರೆಯಿರಿ. ಒಂದು ವರ್ಷ ಮೋಡಕ್ಕೆ ಹೂವು ಕರಟಿಹೋಯಿತು, ಕೂತು ಎಲ್ಲರಿಗೂ ವಾಪಸ್ ಹಾಕಿದೆ. ಅತ್ತೆ ಎರಡು ದಿನ ಮಾತಾಡಲಿಲ್ಲ.

ಪ್ಯಾಕಿಂಗ್ ಹಗುರ ಅಂದುಕೊಳ್ಳಬೇಡಿ. ಮೊದಲ ಸಲ ಮೂವತ್ತು ಪಾರ್ಸೆಲ್‌ನಲ್ಲಿ ಒಂಬತ್ತು ಸೋರಿದವು. ಒಬ್ಬರು ಫೋಟೋ ಕಳಿಸಿದ್ದರು, ಉಪ್ಪುನೀರು ಕುಡಿದ ರಟ್ಟಿನ ಡಬ್ಬಿ, ಮೇಲೆ ನನ್ನದೇ ಅಕ್ಷರ ಕರಗಿಹೋಗಿತ್ತು. ಈಗ ಮುಚ್ಚಳದ ಒಳಗೆ ಸೀಲ್ ಹಾಕಿ, ಬಾಟಲಿಯನ್ನು ರಾತ್ರಿಯಿಡೀ ಪೇಪರಿನ ಮೇಲೆ ಬೋರಲು ಇಡುತ್ತೇವೆ. ಬೆಳಿಗ್ಗೆ ಪೇಪರಿನಲ್ಲಿ ಕಲೆ ಇದ್ದರೆ ಆ ಬಾಟಲಿ ಕಳಿಸುವುದಿಲ್ಲ. ಬಾಟಲಿಯ ಲೇಬಲ್ ಮೇಲೆ 14 ಅಂಕಿಯ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ನಂಬರ್, ತಯಾರಿಸಿದ ತಾರೀಖು ಮರೆಯಬೇಡಿ.

ಲೆಕ್ಕಕ್ಕೆ ಒಂದು ಗೂಗಲ್ ಶೀಟ್ ಸಾಕು. ಮಿಡಿ, ಉಪ್ಪು, ಸಾಸಿವೆ, ಬಾಟಲಿ, ಕೊರಿಯರ್, ನಮ್ಮ ಮನೆಯವರ ಕೂಲಿಯೂ ಸೇರಿ. ಕೂಲಿ ಬರೆದ ಮೇಲೇ ಗೊತ್ತಾದದ್ದು, ಹಪ್ಪಳದಲ್ಲಿ ನಮಗೆ ನಷ್ಟ. ದಾರಿಯಲ್ಲಿ ಮುರಿದದ್ದಕ್ಕೆ ಮತ್ತೆ ಕಳಿಸಬೇಕಲ್ಲ. ಈಗ ಹಪ್ಪಳ ಬಿಡಿಯಾಗಿ ಕಳಿಸುವುದಿಲ್ಲ, ಉಪ್ಪಿನಕಾಯಿ ಜೊತೆಗಷ್ಟೇ.

ಅಂಗಡಿಗಳನ್ನು ಪೂರ್ತಿ ಬಿಟ್ಟಿಲ್ಲ. ಎರಡಿವೆ, ನಗದಿಗೆ ಮಾತ್ರ.

ಇನ್ನೊಂದು ಮಾತು. ಮಳೆಗಾಲದಲ್ಲಿ ಕರೆಂಟ್ ಹೋದರೆ ನಮ್ಮಲ್ಲಿ ಟವರೂ ಹೋಗುತ್ತದೆ. ಆಟೋ ರಿಪ್ಲೈ ನಂಬಿ ಕೂರಬೇಡಿ, ಫೋನಿಗೆ ನೆಟ್ ಇಲ್ಲದಿದ್ದರೆ ಅದೂ ಹೋಗುವುದಿಲ್ಲ. ‘ಉತ್ತರ ಸಂಜೆ ಏಳರ ಮೇಲೆ’ ಅಂತ ಪ್ರೊಫೈಲಿನಲ್ಲೇ ಬರೆದಿಡಿ. ಆರೂವರೆಗೆ ನಾನು ಛತ್ರಿ ಹಿಡಿದು ಗುಡ್ಡ ಹತ್ತುತ್ತೇನೆ.