ಅಜ್ಜಿ ಹೆಣೆದ ಉಲ್ಲನ್ ಸ್ವೆಟರ್, ಕುಲಾವಿ ಮನೇಲೇ ತೊಳೆಯೋದು ಹೇಗೆ

ನಮ್ಮಮ್ಮ ನಾನು ಹುಟ್ಟೋಕೆ ಮುಂಚೆ ಹೆಣೆದಿಟ್ಟಿದ್ದ ಒಂದು ಸ್ವೆಟರ್ ಇತ್ತು. ಇತ್ತು ಅಂತಾನೇ ಹೇಳ್ಬೇಕು, ಯಾಕಂದ್ರೆ ನಾನೇ ಅದನ್ನ ಜೀನ್ಸ್ ಜೊತೆ ಮಷೀನಿಗೆ ಹಾಕಿ ಬಿಸಿನೀರಲ್ಲಿ ತಿರುಗಿಸಿ ತೆಗೆದ್ರೆ ಗೊಂಬೆ ಸೈಜಿಗೆ ಬಂದು ಕೂತಿತ್ತು. ಅಮ್ಮ ಬೈಲೇ ಇಲ್ಲ, ಅದೇ ಜಾಸ್ತಿ ಬೇಜಾರು. ಆಮೇಲೆ ಅದನ್ನ ಕತ್ತರಿಸಿ ಬಿಸಿ ಪಾತ್ರೆ ಹಿಡಿಯೋಕೆ ಬಟ್ಟೆ ಮಾಡ್ಕೊಂಡ್ರು, ಕತ್ತರಿ ಹಾಕಿದ್ರೂ ಒಂದು ಎಳೆ ಬಿಚ್ಚಿಕೊಳ್ಳಲಿಲ್ಲ, ಅಷ್ಟು ಜಡೆಗಟ್ಟಿತ್ತು.

ಯಾಕೆ ಹಂಗಾಗುತ್ತೆ ಅಂದ್ರೆ, ಕುರಿ ಉಣ್ಣೆಯ ಎಳೆ ಮೇಲೆ ಹೆಂಚು ಹೊದಿಸಿದ ಹಾಗೆ ಸಣ್ಣ ಸಣ್ಣ ಪದರ ಇರುತ್ತೆ, ನೀರು, ಬಿಸಿ, ಸೋಪಿನ ಖಾರ, ಅದರ ಮೇಲೆ ಉಜ್ಜಾಟ ಎಲ್ಲಾ ಸೇರಿದ್ರೆ ಆ ಪದರಗಳು ಒಂದಕ್ಕೊಂದು ಸಿಕ್ಕಾಕ್ಕೊಂಡು ಬಿಗಿಯಾಗುತ್ತೆ, ಮತ್ತೆ ಬಿಡಿಸೋಕಾಗಲ್ಲ. ಹಾಗಾಗಿ ತೊಳೆಯೋ ಕೆಲಸ ನೀರಿಗೆ ಬಿಡಿ, ಕೈ ಸುಮ್ನಿರ್ಲಿ.

ಮೊದ್ಲು ಅದು ನಿಜವಾದ ಉಣ್ಣೆನಾ ನೋಡ್ಕೊಳ್ಳಿ. ಅಂಗಡೀಲಿ ಉಲ್ಲನ್ ಅಂತ ಕೊಟ್ಟಿರೋದು ಎಷ್ಟೋ ಸಲ ಅಕ್ರಿಲಿಕ್ಕು. ಒಳಗಡೆ ತುದಿಯಲ್ಲಿ ಬಿಟ್ಟಿರೋ ಒಂದು ಚೂರು ದಾರ ಕತ್ತರಿಸಿ ಇಕ್ಕಳದಲ್ಲಿ ಹಿಡಿದು ಸುಡಿ, ಉಣ್ಣೆ ಆದ್ರೆ ಕೂದಲು ಸುಟ್ಟ ವಾಸನೆ, ಬೂದಿ ಬೆರಳಲ್ಲಿ ಪುಡಿಯಾಗುತ್ತೆ. ಅಕ್ರಿಲಿಕ್ ಕರಗಿ ಗಟ್ಟಿ ಮಣಿ ಥರ ಆಗುತ್ತೆ. ಬಣ್ಣ ಬಿಡುತ್ತಾ ಅಂತಾನೂ ಒದ್ದೆ ಬಿಳಿ ಬಟ್ಟೆ ಒತ್ತಿ ನೋಡಿ, ಬಿಟ್ರೆ ಅದನ್ನ ಮನೇಲಿ ನೆನೆಸ್ಲೇಬೇಡಿ.

ನೆನೆಸೋಕೆ ಮುಂಚೆ ಹಳೇ ಕ್ಯಾಲೆಂಡರ್ ಹಾಳೆ ಹಿಂದೆ ಸ್ವೆಟರ್ ಇಟ್ಟು ಸುತ್ತ ಪೆನ್ಸಿಲಲ್ಲಿ ಗೆರೆ ಎಳ್ಕೊಳ್ಳಿ, ಒಣಗಿಸುವಾಗ ಬೇಕಾಗುತ್ತೆ.

ಸೋಪು: ಬಾರ್ ಸೋಪು ಬೇಡ, ದಿನಾ ಬಳಸೋ ಪೌಡರ್ ಬೇಡ. ಎಷ್ಟೋ ಪೌಡರಲ್ಲಿ ಪ್ರೋಟೀನ್ ಕಲೆ ಕರಗಿಸೋ ಎನ್ಜೈಮ್ ಹಾಕಿರ್ತಾರೆ, ಉಣ್ಣೆನೂ ಪ್ರೋಟೀನೇ ಅಲ್ವಾ, ಅದಕ್ಕೇನು ಗೊತ್ತು. ಬ್ಲೀಚ್ ಅಂತೂ ಉಣ್ಣೇನ ಕರಗಿಸೇ ಬಿಡುತ್ತೆ. ಈಝೀ ಥರದ ಉಲ್ಲನ್ ಲಿಕ್ವಿಡ್ ಸಾಕು, ಇಲ್ಲಾಂದ್ರೆ ನಮ್ಮ ಅಂಟುವಾಳ: 8-10 ಕಾಯಿ ಬೀಜ ತೆಗೆದು ರಾತ್ರಿ ನೆನೆಸಿ, ಬೆಳಿಗ್ಗೆ ಕಿವುಚಿ ಸೋಸಿ. ನನಗೆ ಇದೇ ಇಷ್ಟ, ಆದ್ರೆ ರಸ ಕಂದು ಬಣ್ಣ ಇರೋದ್ರಿಂದ ಬಿಳಿ ಕುಲಾವಿಗೆ ಹಾಕಲ್ಲ.

ನೀರು ಕೈಗೆ ಬೆಚ್ಚಗೂ ಅಲ್ಲ ತಣ್ಣಗೂ ಅಲ್ಲ ಅನ್ನೋ ಹಾಗಿರ್ಲಿ, 30 ಡಿಗ್ರಿ ದಾಟೋದು ಬೇಡ, ಜಾಲಿಸೋ ನೀರೂ ಅಷ್ಟೇ ಬೆಚ್ಚಗಿರ್ಬೇಕು. ಲಿಕ್ವಿಡ್ ಮೊದ್ಲು ನೀರಲ್ಲಿ ಕಲಸಿ, ಆಮೇಲೆ ಬಟ್ಟೆ ಮುಳುಗಿಸಿ 10-15 ನಿಮಿಷ ಬಿಡಿ. ಮಧ್ಯ ಎರಡು ಮೂರು ಸಲ ಅಂಗೈಲಿ ಮೆಲ್ಲಗೆ ಒತ್ತಿ ಅಷ್ಟೇ, ಒಗೆಯೋ ಕಲ್ಲಿನ ಅಭ್ಯಾಸ ಇರೋರಿಗೆ ಕೈ ತಡೆಯಲ್ಲ ಗೊತ್ತು, ತಡ್ಕೊಳ್ಳಿ. ಎತ್ತುವಾಗ ಭುಜ ಹಿಡಿದು ಎತ್ತಿದ್ರೆ ನೀರಿನ ಭಾರಕ್ಕೆ ತೋಳು ಮೊಣಕಾಲ ತನಕ ಜೋತುಬೀಳುತ್ತೆ, ಅದಕ್ಕೆ ತರಕಾರಿ ತೊಳೆಯೋ ತೂತಿನ ಬುಟ್ಟೀಲಿ ಇಟ್ಟು ಎತ್ತಿ. ಎರಡು ಸಲ ಜಾಲಿಸಿ, ಕೊನೇ ನೀರಿಗೆ ಒಂದು ದೊಡ್ಡ ಚಮಚ ಬಿಳಿ ವಿನೆಗರ್ ಹಾಕಿದ್ರೆ ಉಳಿದ ಸೋಪಿನ ಖಾರ ಹೋಗುತ್ತೆ.

ಹಿಂಡಬೇಡಿ! ದಪ್ಪ ಟವೆಲ್ ಮೇಲೆ ಹರಡಿ, ಚಾಪೆ ಸುತ್ತಿದ ಹಾಗೆ ಸುತ್ತಿ, ಮೇಲಿಂದ ಒತ್ತಿ, ಟವೆಲ್ ನೀರು ಕುಡಿಯುತ್ತೆ. ಒಣ ಟವೆಲಲ್ಲಿ ಇನ್ನೊಂದ್ಸಲ.

ಒಣಗಿಸೋಕೆ ಹಗ್ಗದ ಮಂಚ ಇದ್ರೆ ನೀವೇ ಪುಣ್ಯವಂತರು, ಮೇಲೊಂದು ಹಳೇ ಪಂಚೆ ಹಾಸಿ ಅದರ ಮೇಲೆ ಹರಡಿದ್ರೆ ಕೆಳಗಿಂದಾನೂ ಗಾಳಿ ಆಡುತ್ತೆ. ಕ್ಯಾಲೆಂಡರ್ ಗೆರೆ ನೋಡ್ಕೊಂಡು ತೋಳು, ಅಂಚು ಎಳೆದು ಸರಿ ಮಾಡಿ. ಕುಲಾವಿ ಆದ್ರೆ ಒಂದು ಬಟ್ಟಲು ಬೋರಲು ಹಾಕಿ ಅದಕ್ಕೆ ತೊಡಿಸಿ. ನೆರಳಲ್ಲೇ, ಬಿಸಿಲಿಗೆ ಬಿಳಿ ಉಣ್ಣೆ ಹಳದಿ ತಿರುಗುತ್ತೆ. ಒಂದೆರಡು ದಿನ ಬೇಕು, ಮಲೆನಾಡಿನ ಮಳೆಗಾಲದಲ್ಲಂತೂ ಈ ಕೆಲಸಕ್ಕೆ ಕೈ ಹಾಕ್ಬೇಡಿ.

ಪೂರ್ತಿ ಒಣಗಿದ ಮೇಲೆ ಹತ್ತಿ ಬಟ್ಟೇಲಿ ಸುತ್ತಿಡಿ. ನುಸಿ ಹುಳ ತಿನ್ನೋದು ಜಾಸ್ತಿ ಬೆವರು, ಎಣ್ಣೆ ಅಂಟಿರೋ ಕಡೇನೇ, ಕೊಳೆ ಇಟ್ಟುಕೊಂಡು ಬೀರುಗೆ ಹಾಕಿದ್ರೆ ಅವಕ್ಕೆ ಊಟ ಬಡಿಸಿದ ಹಾಗೆ. ನುಸಿಗುಳಿಗೆ ಮಾತ್ರ ಮಗೂ ಬಟ್ಟೆ ಹತ್ರ ಇಡಬೇಡಿ, ನಾಫ್ತಲೀನ್ ಕೆಲವು ಎಳೆ ಕೂಸುಗಳ ರಕ್ತದ ಕಣ ಒಡೆದು ಕಾಮಾಲೆ ತರುತ್ತೆ. ಆಗಾಗ ತೆಗೆದು ಕೊಡವಿ, ಮಡಿಕೆ ಬದಲಾಯಿಸಿ ಇಡೋದೇ ವಾಸಿ.

ಅಂದಹಾಗೆ ಮನೇಲಿ ಕುರುಬರು ನೇಯ್ದ ಕರಿ ಕಂಬಳಿ ಇದ್ರೆ ಈ ಯಾವ ಸೇವೆನೂ ಅದಕ್ಕೆ ಬೇಡ. ಅದರ ಗಟ್ಟಿತನದಲ್ಲಿ ಹುಣಸೆ ಬೀಜದ ಗಂಜಿದೂ ಪಾಲಿದೆ, ನೆನೆಸಿದ್ರೆ ಅದು ಬಿಟ್ಕೊಳ್ಳುತ್ತೆ. ಕೋಲಲ್ಲಿ ನಾಲ್ಕು ಬಡಿದು ಸ್ವಲ್ಪ ಹೊತ್ತು ಬಿಸಿಲಿಗೆ ಹಾಕಿ ಒಳಗಿಡಿ.