ಮನೇಲಿ ಮಾಡಿದ ಚಾಕುಗೆ ಹದ ಹಾಕೋದು ಹೇಗೆ (ಎರಡು ಚಾಕು ಹಾಳು ಮಾಡಿ ಕಲಿತದ್ದು)

ನನ್ನ ಮೊದಲ್ನೇ ಚಾಕು ನೋಡೋಕೆ ಸಖತ್ತಾಗಿತ್ತು, ಆದ್ರೆ ನಾಲ್ಕು ಈರುಳ್ಳಿ ಹೆಚ್ಚೋ ಅಷ್ಟರಲ್ಲಿ ಮೊಂಡು. ಎರಡ್ನೇದು ಕೈಜಾರಿ ನೆಲಕ್ಕೆ ಬಿದ್ದು ಹಪ್ಪಳದ ಥರ ಎರಡು ತುಂಡಾಯ್ತು. ಮೊದಲ್ನೇದಕ್ಕೆ ಬಿಸಿ ಸಾಕಾಗಿರ್ಲಿಲ್ಲ, ಎರಡ್ನೇದನ್ನ ಎಣ್ಣೆಯಿಂದ ತೆಗೆದು ಟೆಂಪರ್ (ಮತ್ತೆ ಹಗುರ ಬಿಸಿಯಲ್ಲಿಟ್ಟು ಗಾಜಿನಂಥ ಬಿರುಸು ಇಳಿಸೋದು) ಮಾಡ್ದೇನೇ ಹಿಡಿ ಹಾಕ್ಬಿಟ್ಟಿದ್ದೆ ಅಷ್ಟೇ.

ಮೊದ್ಲು ಕಬ್ಬಿಣ ಯಾವ್ದು ಅಂತ ಗೊತ್ತಿರ್ಬೇಕು. ಕಿಟಕಿ ಸರಳು, ಆಂಗಲ್ ಇವೆಲ್ಲ ಮೈಲ್ಡ್ ಸ್ಟೀಲು, ಕಾರ್ಬನ್ ತೀರಾ ಕಡಿಮೆ, ಹೀಗೆ ಹದ ಹಾಕಿದ್ರೆ ಚಾಕುಗೆ ಬೇಕಾದಷ್ಟು ಗಟ್ಟಿ ಆಗಲ್ಲ. ಗುಜರಿಯಲ್ಲಿ ಸಿಗೋದ್ರಲ್ಲಿ ಲಾರಿ ಕಮಾನು ಪಟ್ಟೆ ಒಳ್ಳೇದು, ಸುಮಾರು 0.5 ರಿಂದ 0.6 ಪರ್ಸೆಂಟ್ ಕಾರ್ಬನ್ ಇರತ್ತೆ, ಕತ್ತಿ ಮಚ್ಚಿಗೆ ಹೇಳಿ ಮಾಡ್ಸಿದ್ದು. ದುಡ್ಡು ಕೊಟ್ಟು ತಗೊಳ್ಳೋದಾದ್ರೆ 1084 ಅನ್ನೋ ಕಾರ್ಬನ್ ಸ್ಟೀಲು ತಗೊಳ್ಳಿ, ಕಲಿಯೋರಿಗೆ ಅದರಷ್ಟು ಸಲೀಸು ಬೇರೆ ಇಲ್ಲ, ಯಾಕಂದ್ರೆ ಬಿಸಿಯಲ್ಲಿ ತುಂಬಾ ಹೊತ್ತು ಇಡೋದು ಬೇಕಿಲ್ಲ. ಬೇರಿಂಗ್ ಸ್ಟೀಲು (ಇಎನ್31) ಕೇಳೋಕೆ ಚೆನ್ನಾಗಿದೆ, ಆದ್ರೆ ಅದನ್ನ ಒಂದೇ ಬಿಸಿಯಲ್ಲಿ ಹತ್ತು ನಿಮಿಷ ಹಿಡಿದಿಡ್ಬೇಕು, ಇದ್ದಿಲಿನ ಒಲೆಯಲ್ಲಿ ಅದು ಆಗೋ ಮಾತಲ್ಲ. ಪೈಂಟು, ಗ್ಯಾಲ್ವನೈಸ್ ಕೋಟಿಂಗ್ ಇರೋದನ್ನ ಬೆಂಕಿಗೆ ಹಾಕ್ಲೇಬೇಡಿ, ಸತುವಿನ ಹೊಗೆ ಕುಡಿದ್ರೆ ಜ್ವರ ಹಿಡಿಯತ್ತೆ.

ಚಾಕು ಆಕಾರಕ್ಕೆ ಬಂತು ಅನ್ಕೊಳ್ಳಿ, ಬಾಯಿಯನ್ನ ಪೂರ್ತಿ ತೆಳು ಮಾಡ್ಬೇಡಿ, 1 ಮಿಲಿಮೀಟರಾದ್ರೂ ದಪ್ಪ ಬಿಡಿ. ಇಲ್ಲಾಂದ್ರೆ ಬಿಸಿಗೆ ಬಾಯಿ ಅಲೆಅಲೆಯಾಗಿ ಸೊಟ್ಟಗಾಗತ್ತೆ, ಮೇಲಿನ ಪದರದ ಕಾರ್ಬನ್ನೂ ಸುಟ್ಟು ಹೋಗಿರತ್ತೆ, ಆಮೇಲೆ ಉಜ್ಜಿ ತೆಗೆಯೋಕೆ ಏನೂ ಉಳಿದಿರಲ್ಲ.

ಈಗ ಬಿಸಿ ಮಾಡೋ ವಿಷ್ಯ, ಎಲ್ಲರೂ ಎಡವೋದು ಇಲ್ಲೇ. "ಕೆಂಪಗಾದ್ರೆ ಸಾಕು" ಅಂತ ಎಲ್ಲಾ ಹೇಳ್ತಾರೆ, ಆದ್ರೆ ಯಾವ ಕೆಂಪು? ಮಧ್ಯಾಹ್ನದ ಬಿಸಿಲಲ್ಲಿ ಸ್ವಲ್ಪವೂ ಕೆಂಪು ಕಾಣದ ಕಬ್ಬಿಣ ಕತ್ತಲೆ ಕೋಣೇಲಿ ಕೆಂಡದ ಥರ ಕಾಣತ್ತೆ. ಹಾಗಾಗಿ ಸಂಜೆ ಮೇಲೆ, ಮಬ್ಬು ಬೆಳಕಲ್ಲಿ ಮಾಡಿ, ಮತ್ತೆ ಪ್ರತಿ ಸಲಾನೂ ಅದೇ ಜಾಗ ಅದೇ ಬೆಳಕು ಇರ್ಲಿ. ಕೈಗೊಂದು ಅಯಸ್ಕಾಂತ ಇಟ್ಕೊಳ್ಳಿ, 770 ಡಿಗ್ರಿ ಸೆಲ್ಸಿಯಸ್ ದಾಟಿದ್ರೆ ಕಬ್ಬಿಣ ಅದಕ್ಕೆ ಅಂಟಲ್ಲ. 1084ಗೆ ಬೇಕಾಗಿರೋದು 800 ರಿಂದ 815, ಅಂದ್ರೆ ಅಂಟೋದು ನಿಂತ ಮೇಲೆ ಇನ್ನೂ ಸ್ವಲ್ಪ ಮೇಲೆ ಹೋಗ್ಬೇಕು. ಕಮಾನು ಪಟ್ಟೆಗೆ ಅದಕ್ಕಿಂತ ಒಂಚೂರು ಜಾಸ್ತಿನೇ ಬೇಕು. ಆ "ಸ್ವಲ್ಪ" ಎಷ್ಟು ಅಂತ ತಿಳಿಯೋಕೆ ಅಡಿಗೆಮನೆ ಉಪ್ಪು ಇದೆಯಲ್ಲ, ಅದು ಕರಗೋದು 801 ಡಿಗ್ರಿಗೆ, ನಾಲ್ಕು ಹರಳು ಅಲಗಿನ ಮೇಲೆ ಉದುರ್ಸಿ, ನೀರಾಗಿ ಹರಡಿದ್ರೆ ನೀವು ಸರಿಯಾದ ಜಾಗದಲ್ಲಿದೀರ. ಥರ್ಮೋಕಪಲ್ (ಕುಲುಮೆ ಬಿಸಿ ಅಳೆಯೋ ಸಾಧನ) ಇಲ್ಲದೋರಿಗೆ ಇದಕ್ಕಿಂತ ಅಗ್ಗದ ಮೀಟರ್ ಸಿಗಲ್ಲ ಬಿಡಿ.

ತೆಂಗಿನ ಚಿಪ್ಪಿನ ಇದ್ದಿಲು, ಹಳೇ ಹೇರ್ ಡ್ರೈಯರ್, ನಾಲ್ಕು ಇಟ್ಟಿಗೆ, ನನ್ನ ಕುಲುಮೆ ಅಷ್ಟೇ. ಗಾಳಿ ನೇರ ಅಲಗಿಗೆ ಹೊಡೀಬಾರ್ದು, ತುದಿ ತೆಳ್ಳಗಿರತ್ತಲ್ಲ ಅದು ಮೊದ್ಲು ಸುಟ್ಟು ಹೋಗತ್ತೆ, ಅದಕ್ಕೆ ಇಕ್ಕಳದಲ್ಲಿ ಹಿಡಿದು ಹಿಂದೆ ಮುಂದೆ ಆಡಿಸ್ತಾ ಇರಿ, ಬೆನ್ನು ಕೆಳಗಿಟ್ಟು ಬಾಯಿ ಮೇಲಿಟ್ಟು ನಿಧಾನಕ್ಕೆ ಒಂದೇ ಬಣ್ಣ ಬರಿಸಿ.

ಎಣ್ಣೆಗೆ ಹಾಕೋ ಮುಂಚೆ ಮೂರು ಸಲ ಹೀಗೇ ಬಿಸಿ ಮಾಡಿ ಗಾಳಿಯಲ್ಲಿ ಕಪ್ಪಾಗೋ ತನಕ ಆರಿಸಿ, ಸುಮ್ನೆ ಹಿಡ್ಕೊಂಡ್ರೆ ಸಾಕು. ಸುತ್ತಿಗೆ ಪೆಟ್ಟಿಗೆ ಒಳಗೆ ಸೇರ್ಕೊಂಡಿರೋ ಎಳೆತ ಬಿಡತ್ತೆ, ಕಬ್ಬಿಣದ ಒಳಗಿನ ಕಣ ಸಣ್ಣದಾಗತ್ತೆ. ಬೋರಿಂಗ್ ಕೆಲ್ಸ, ಆದ್ರೂ ಬಿಡ್ಬೇಡಿ.

ಎಣ್ಣೆ: ಸೂರ್ಯಕಾಂತಿ, ಕಡ್ಲೆಕಾಯಿ ಯಾವ್ದಾದ್ರೂ ಸರಿ, ನಾಲ್ಕೈದು ಲೀಟರ್. ಕಬ್ಬಿಣದ ಡಬ್ಬದಲ್ಲೇ ಇರ್ಲಿ, ಮುಚ್ಚಳ ಪಕ್ಕದಲ್ಲಿರ್ಲಿ, ಬೆಂಕಿ ಹತ್ತಿದ್ರೆ ಮುಚ್ಚಿ, ನೀರು ಮಾತ್ರ ಹಾಕ್ಬೇಡಿ. ಸುಟ್ಟ ಎಂಜಿನ್ ಆಯಿಲ್ ಬೇಡ, ಆ ಹೊಗೆ ವಿಷ. ಕೆಂಪಗೆ ಕಾಯಿಸಿದ ಒಂದು ಸರಳು ಅದ್ದಿ ಎಣ್ಣೆಯನ್ನ 50-60 ಡಿಗ್ರಿಗೆ ತನ್ನಿ, ತಣ್ಣಗಿರೋದಕ್ಕಿಂತ ಬೆಚ್ಚಗಿನ ಎಣ್ಣೆ ತೆಳ್ಳಗಿರತ್ತೆ, ಬೇಗ ಬಿಸಿ ಎಳ್ಕೊಳತ್ತೆ. ಒಲೆಯಿಂದ ಎಣ್ಣೆಗೆ ಒಂದೇ ಹೆಜ್ಜೆ ದೂರ ಇರ್ಬೇಕು. ತುದಿ ಮೊದ್ಲು, ನೇರ ಕೆಳಗೆ, ಆಮೇಲೆ ಮೇಲೆ ಕೆಳಗೆ ಆಡ್ಸಿ, ಪಕ್ಕಕ್ಕೆ ಆಡ್ಸಿದ್ರೆ ಬಾಗತ್ತೆ. ನಮ್ಮೂರ ಆಚಾರ್ರು ಕತ್ತಿಗೆ ನೀರಲ್ಲೇ ಹದ ಹಾಕ್ತಾರೆ, ಬಾಯಿ ಮಾತ್ರ ಅದ್ದಿ, ಬೆನ್ನಿನ ಬಿಸಿ ವಾಪಸ್ ಹರಿದು ಬರೋ ಬಣ್ಣ ನೋಡಿ ಸರಿಯಾದ ಹೊತ್ತಿಗೆ ಮತ್ತೆ ಅದ್ದಿ ನಿಲ್ಲಿಸ್ತಾರೆ. ನಾನದನ್ನ ತೆಳು ಚಾಕುಗೆ ಟ್ರೈ ಮಾಡಿದಾಗ 'ಟಿಣ್' ಅಂತ ಒಂದು ಸೌಂಡ್ ಬಂತು, ಬಿರುಕು. ಅವರ ಕಣ್ಣು ನಮಗೆ ಬರೋ ತನಕ ಎಣ್ಣೆನೇ ಸೇಫು.

ತಣ್ಣಗಾದ ಮೇಲೆ ಹಳೇ ಅರ ತಗೊಂಡು ಬಾಯಿ ಮೇಲೆ ಎಳೀರಿ, ಗಾಜಿನ ಮೇಲೆ ಎಳೆದ ಹಾಗೆ ಜಾರಿದ್ರೆ ಗಟ್ಟಿ ಆಗಿದೆ. ಕಚ್ಚಿದ್ರೆ ಮತ್ತೆ ಮೊದ್ಲಿಂದ. ಅದೇ ಕಬ್ಬಿಣದ ಒಂದು ಚೂರನ್ನೂ ಜೊತೆಗೇ ಹದ ಹಾಕಿ, ಬಟ್ಟೆ ಸುತ್ತಿ, ಕಣ್ಣಿಗೆ ಕನ್ನಡಕ ಹಾಕಿ ಮುರಿದು ನೋಡಿ, ಮುರಿದ ಜಾಗ ಬೂದು ಬಣ್ಣಕ್ಕೆ ನುಣ್ಣಗಿದ್ರೆ ಸರಿ, ಸಕ್ಕರೆ ಥರ ಮಿನುಗಿದ್ರೆ ಬಿಸಿ ಜಾಸ್ತಿ ಆಗಿದೆ.

ಈಗ ಚಾಕು ಗಾಜಿದ್ದಂಗೆ, ಬೀಳಿಸ್ಬೇಡಿ, ನಾಳೆ ನೋಡೋಣ ಅಂತ ಬಿಡ್ಲೂಬೇಡಿ. ಅವತ್ತೇ, ಒಂದು ಗಂಟೆ ಒಳಗೆ ಟೆಂಪರ್ ಶುರು ಮಾಡಿ. ಓಟಿಜಿ ಓವನ್‌ನಲ್ಲಿ 200 ಡಿಗ್ರಿ, ಎರಡು ಗಂಟೆ, ಪೂರ್ತಿ ಆರಿಸಿ ಮತ್ತೆ ಎರಡು ಗಂಟೆ. ಓವನ್ನಿನ ನಾಬ್ ಹೇಳೋದನ್ನ ನಂಬ್ಬೇಡಿ, ಒಂದು ಓವನ್ ಥರ್ಮಾಮೀಟರ್ ಒಳಗಿಡಿ, ಟ್ರೇಯಲ್ಲಿ ಮರಳು ತುಂಬಿ ಅದರ ಮೇಲೆ ಚಾಕು ಇಟ್ರೆ ಬಿಸಿ ಏರಿಳಿಯಲ್ಲ. ಮೊದ್ಲೇ ಅಲಗನ್ನ ಸ್ಯಾಂಡ್‌ಪೇಪರಲ್ಲಿ ಹೊಳೆಯೋ ಹಾಗೆ ಉಜ್ಜಿದ್ರೆ ತಿಳಿ ಹುಲ್ಲಿನ ಬಣ್ಣ ಬರೋದು ಕಾಣತ್ತೆ, ಅಡಿಗೆ ಚಾಕುಗೆ ಅದು ಸಾಕು. ಬಾಯಿ ನೀಲಿಗೆ ಹೋಯ್ತು ಅಂದ್ರೆ 290 ಹತ್ರ ಹೋಗಿದೆ, ಮೆತ್ತಗಾಯ್ತು ಅಂತಾನೇ.

ಆಮೇಲೆ ಉಜ್ಜುವಾಗ ಗ್ರೈಂಡರಲ್ಲೂ ಅದೇ ನೀಲಿ ಬರಬಹುದು, ಹಾಗಾಗಿ ಗ್ಲೌಸ್ ಇಲ್ಲದೇ ಬರಿಗೈಯಲ್ಲಿ ಹಿಡ್ಕೊಳ್ಳಿ, ಬೆರಳಿಗೆ ಬಿಸಿ ತಾಗಿದ ಕೂಡ್ಲೆ ನೀರಿಗೆ ಅದ್ದಿ. ಸಾಣೆ ಹಿಡಿದ ಮೇಲೆ ಬಾಯಿಯನ್ನ ಒಂದು ಹಿತ್ತಾಳೆ ಸರಳಿನ ಮೇಲೆ ಒತ್ತಿ ಎಳೀರಿ. ಬಾಗಿ ವಾಪಸ್ ನೆಟ್ಟಗಾದ್ರೆ ಹಿಡಿ ಹಾಕಿ. ಚೂರು ಉದುರಿದ್ರೆ ಓವನ್ ಇನ್ನೊಂದು 15 ಡಿಗ್ರಿ ಏರಿಸಿ ಮತ್ತೆರಡು ಗಂಟೆ ಇಡಿ. ಬಾಗಿದ್ದು ಬಾಗೇ ನಿಂತ್ರೆ, ಇದ್ದಿಲು ತನ್ನಿ, ಮತ್ತೆ ಕುಲುಮೆ ಹಚ್ಚಿ.