ದೊಡ್ಡ ಬರಹಕ್ಕೆ ಫೆಲೋಶಿಪ್ ಹುಡುಕುವವರಿಗೆ

ಮುಂಬೈಯ ಮಾಟುಂಗದ ಕಾರ್ಯಕ್ರಮ ಮುಗಿದ ಮೇಲೆ ಇಬ್ಬರು ಒಂದೇ ಪ್ರಶ್ನೆ ಕೇಳಿದರು: ಪುಸ್ತಕ ಬರೆಯುವ ತನಕ ಮನೆ ನಡೆಯುವುದು ಹೇಗೆ? ಒಂದು ದಾರಿ ಫೆಲೋಶಿಪ್, ಅಂದರೆ ಬರೆಯುವ ಅವಧಿಗೆ ಸಂಸ್ಥೆಯೊಂದು ಕೊಡುವ ಧನಸಹಾಯ. ಎಲ್ಲರಿಗೂ ಉಪಯೋಗವಾಗಲೆಂದು ಇಲ್ಲೇ ಬರೆಯುತ್ತಿದ್ದೇನೆ.

ಕನ್ನಡದ ಕಥೇತರ ಕೃತಿಯನ್ನು ಇಂಗ್ಲಿಷಿಗೆ ತರುವವರಿಗೆ ಬೆಂಗಳೂರಿನ ನ್ಯೂ ಇಂಡಿಯಾ ಫೌಂಡೇಶನ್ ಆರು ತಿಂಗಳಿಗೆ 6 ಲಕ್ಷ ರೂಪಾಯಿಯ ಅನುವಾದ ಫೆಲೋಶಿಪ್ ಘೋಷಿಸಿತ್ತು. ಕಲೆಯ ಸಂಶೋಧನೆಗೆ ನೆರವು ಕೊಡುವ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್ ಇದೆ. ಅಲ್ಲಿಗೆ ಅರ್ಜಿಯನ್ನು ಕನ್ನಡದಲ್ಲೇ ಬರೆಯಬಹುದು. ಸಿನಿಮಾದವರು ನವೆಂಬರ್‌ನಲ್ಲಿ ಗೋವಾದಲ್ಲಿ ನಡೆಯುವ ಎನ್‌ಎಫ್‌ಡಿಸಿಯ (ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮ) ಫಿಲ್ಮ್ ಬಜಾರ್ ಮೇಲೆ ಕಣ್ಣಿಡಲಿ; ಈಗ ಅದರ ಹೆಸರು ವೇವ್ಸ್ ಫಿಲ್ಮ್ ಬಜಾರ್, ಸಿನಿಮಾ ಮಾಡುವವರು ನಿರ್ಮಾಪಕರನ್ನು ಭೇಟಿಯಾಗುವ ಸಂತೆ. ಮೊತ್ತ, ಕೊನೆಯ ದಿನಾಂಕ ಬದಲಾಗುತ್ತವೆ, ಪ್ರಕಟಣೆಯನ್ನೇ ನೋಡಿ.

ಕಷ್ಟವಿರುವುದು ಅರ್ಜಿಯ ಪ್ರಸ್ತಾವನೆಯಲ್ಲಿ, ಅಂದರೆ ಏನನ್ನು, ಹೇಗೆ ಬರೆಯುತ್ತೇನೆ ಎಂಬ ಯೋಜನೆಯಲ್ಲಿ. ನನ್ನ ಮೊದಲ ಅರ್ಜಿಯ ವಿಷಯ ‘ಮುಂಬೈ ಕನ್ನಡಿಗರ ಬದುಕು’. ಸಮುದ್ರವನ್ನು ಚೊಂಬಿನಲ್ಲಿ ತುಂಬಲು ಹೊರಟಿದ್ದೆ, ತಿರಸ್ಕೃತವಾಯಿತು, ಸರಿಯಾಗಿಯೇ. ಮುಂದಿನ ಸಲ ಹೋಟೆಲ್ ಹುಡುಗರು ಓದಿದ ಕನ್ನಡ ರಾತ್ರಿಶಾಲೆಗಳನ್ನಷ್ಟೇ ಹಿಡಿದುಕೊಂಡೆ. ಹಾಜರಿ ಪುಸ್ತಕ ಯಾರ ಕಪಾಟಿನಲ್ಲಿದೆ, ಯಾವ ಹಿರಿಯರನ್ನು ಯಾವ ತಿಂಗಳು ಮಾತನಾಡಿಸುತ್ತೇನೆ ಎಂದು ಬರೆದೆ. ಸಂದರ್ಶನಕ್ಕೆ ಕರೆ ಬಂತು.

ಮಾದರಿ ಅಧ್ಯಾಯ ಕೇಳಿದರೆ ಪೀಠಿಕೆ ಕಳುಹಿಸಬೇಡಿ, ನಡುವಿನದನ್ನು ಕೊಡಿ. ಪೀಠಿಕೆಯಲ್ಲಿ ಎಲ್ಲರೂ ಪಂಡಿತರೇ! ಖರ್ಚಿನ ಪಟ್ಟಿಯಲ್ಲಿ ಸಂದರ್ಶನಗಳನ್ನು ಅಕ್ಷರಕ್ಕಿಳಿಸುವ ಕೂಲಿಯನ್ನು ಮರೆಯಬೇಡಿ; ನಾನು ಮರೆತು ಮೂರು ತಿಂಗಳು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಕುಳಿತಿದ್ದೆ.

ಕರಡು ಸಿದ್ಧವಿದ್ದವರು ಭಾನುವಾರ ತನ್ನಿ, ಒಟ್ಟಿಗೆ ಕುಳಿತು ನೋಡೋಣ.